ಅಚ್ಚಾಗದ ಫೋಟೋ

ಯುದ್ಧ ಶುರುವಾದ ಮೇಲೆ ಮಹಾರುದ್ರಪ್ಪನವರ ಪತ್ರಿಕೆಯಲ್ಲಿ ವಚನಗಳು ಹೆಚ್ಚಾದವು.

ಬಸವಕಲ್ಯಾಣದ ಪತ್ರಿಕೆ ವಚನ ಹಾಕದೆ ಮತ್ತೇನು ಹಾಕೀತು ಎಂದು ಹೊರಗಿನವರು ಕೇಳಬಹುದು. ಕೇಳಲಿ. ‘ಕೋಟೆಬಾಗಿಲು’ ಓದುವ ಮಂದಿಗೆ ಒಳಗಿನ ಕಥೆ ಗೊತ್ತು. ಅದು ನಾಲ್ಕೇ ಪುಟದ ಸಂಜೆ ಪತ್ರಿಕೆ. ಪುಟ ಕಟ್ಟುವುದು ಬಸವಕಲ್ಯಾಣದ ಹಳೇ ಬಸ್ ನಿಲ್ದಾಣದ ಹಿಂದಿನ ಒಂದು ಖೋಲಿಯಲ್ಲಿ. ಅಚ್ಚಾಗುವುದು ಹುಮನಾಬಾದಿನ ತುಳಜಾರಾಮನ ಪ್ರೆಸ್ಸಿನಲ್ಲಿ. ಅಲ್ಲಿಂದ ಕಟ್ಟುಗಳು ಬಸ್ಸಿನ ಮೇಲೆ ತಿರುಗಿ ಊರಿಗೆ ಬರುತ್ತವೆ. ಕಡೇ ಗಳಿಗೆಯಲ್ಲಿ ಒಂದು ಸುದ್ದಿ ಬೇಡವಾಯಿತೆಂದರೆ ಆ ಖಾಲಿ ಜಾಗಕ್ಕೆ ಹೊಸದನ್ನು ಹುಡುಕಲು ಪುರುಸೊತ್ತೆಲ್ಲಿ? ಅದಕ್ಕೇ ಪುಟ ಕಟ್ಟುವ ವಿದ್ಯಾವತಿ ಕಂಪ್ಯೂಟರಿನಲ್ಲಿ ಉದ್ದದ್ದು, ಗಿಡ್ಡದ್ದು, ಅಗಲದ್ದು ಎಂದು ಅಳತೆವಾರು ವಚನಗಳನ್ನು ಜೋಡಿಸಿ ಇಟ್ಟಿದ್ದಳು. ಎಲ್ಲಿ ಸುದ್ದಿ ಎದ್ದು ಹೋಯಿತೋ ಅಲ್ಲಿ ಶರಣರು ಬಂದು ಕೂಡುತ್ತಿದ್ದರು.

ಓದುಗರೇನು ದಡ್ಡರೇ? ಗಂಜ್ ಮಾರುಕಟ್ಟೆಯಲ್ಲಿ ತೊಗರಿ ತೂಕದ ಮೋಸದ ಸುದ್ದಿ ಎದ್ದು ಹೋದ ದಿನ, ಗುತ್ತಿಗೆದಾರನೊಬ್ಬನ ಕಿತ್ತುಹೋದ ರಸ್ತೆಯ ಸುದ್ದಿ ಎದ್ದು ಹೋದ ದಿನ ಮುಖಪುಟದಲ್ಲಿ ಅಷ್ಟಗಲದ ವಚನ ಕಂಡು ಅವರು ಪಾಠ ಕಲಿತಿದ್ದರು. ಚಹಾದಂಗಡಿಯಲ್ಲಿ ಪತ್ರಿಕೆ ಬಿಚ್ಚಿದವನು ಮೊದಲು ವಚನದ ಅಳತೆ ನೋಡುತ್ತಿದ್ದ. "ಇವತ್ತ ಶರಣರು ಭಾಳ ಮಾತಾಡ್ಯಾರ ನೋಡ್ರಿ, ಯಾರದೋ ಬಾಯಿ ಮುಚ್ಚಿರಬೇಕು" ಎಂದು ನಗುತ್ತಿದ್ದ. ಈ ಮಾತು ಮಹಾರುದ್ರಪ್ಪನವರ ಕಿವಿಗೂ ಬೀಳುತ್ತಿತ್ತು. ಅವರೂ ನಗುತ್ತಿದ್ದರು. ಕೂದಲು ಬೆಳ್ಳಗಾಗುವವರೆಗೆ ಸಣ್ಣ ಊರಿನಲ್ಲಿ ಪತ್ರಿಕೆ ನಡೆಸಿದ ಮನುಷ್ಯ ಇಷ್ಟಕ್ಕೆಲ್ಲ ಸಿಟ್ಟು ಮಾಡಿಕೊಂಡರೆ ಬಾಳುವೆ ಹೇಗೆ ಸಾಗೀತು?

ಆ ಮೇ ತಿಂಗಳಲ್ಲಿ ಗಡಿಯಲ್ಲಿ ಗುಂಡು ಹಾರತೊಡಗಿದಾಗ, ಗಡಿಯಿಂದ ಎಷ್ಟೋ ದೂರದ ಬಸವಕಲ್ಯಾಣದಲ್ಲೂ ಮಂದಿಗೆ ಅನ್ನ ಸೇರದಾಯಿತು. ಟೀವಿಯವರಿಗೋ, ಹಬ್ಬ. ಮುಂಜಾನೆ ಒಂದು ಶಹರ ಗೆದ್ದರು, ಮಧ್ಯಾಹ್ನ ಇನ್ನೊಂದು ಶಹರ ಸುಟ್ಟರು, ಸಂಜೆಗೆ ಎರಡೂ ಸುದ್ದಿ ನುಂಗಿ ನೀರು ಕುಡಿದರು. ಅಂಥ ಹೊತ್ತಿನಲ್ಲಿ ತಾಲ್ಲೂಕಿನ ಪತ್ರಕರ್ತರನ್ನೆಲ್ಲ ಒಬ್ಬ ಅಧಿಕಾರಿ ಚಹಾಕ್ಕೆ ಕರೆದರು. ಸೇನೆಯ ಓಡಾಟ, ಯೋಧರ ತುಕಡಿ, ಅವರು ಹೋಗುವ ಜಾಗ, ಇವನ್ನೆಲ್ಲ ಬರೆಯಬೇಡಿ ಎಂದು ಮೇಲಿನಿಂದ ಸೂಚನೆ ಬಂದಿದೆ ಎಂದರು. "ಆರ್ಡರ್ ಏನಿಲ್ರಿ, ವಿನಂತಿ ಅಷ್ಟ. ನಿಮ್ಮ ಬುದ್ಧಿಗೆ ಹ್ಯಾಂಗ ತಿಳೀತದ ಹಾಂಗ ನೀವಾ ತೀರ್ಮಾನ ಮಾಡ್ರಿ" ಎಂದು ಬಿಸ್ಕೀಟಿನ ತಟ್ಟೆಯನ್ನು ಮುಂದೆ ಸರಿಸಿ, ಫೋನು ಬಂತೆಂದು ಎದ್ದು ಹೋದರು.

ಮಹಾರುದ್ರಪ್ಪನವರಿಗೆ ಆ ಮಾತು ಸರಿಯೆನಿಸಿತ್ತು. ಯಾವ ಹುಡುಗ ಯಾವ ಠಾಣೆಗೆ ಹೊರಟ ಎಂದು ಬರೆದು ಯಾರ ಹೊಟ್ಟೆ ತುಂಬಬೇಕಿದೆ? ಅದರಿಂದ ಒಂದು ಜೀವಕ್ಕೆ ಅಪಾಯವಾದರೆ? ಅವರು ಹಾಗೇ ಹೇಳಿದರು. ಅಷ್ಟಕ್ಕೇ ನಿಲ್ಲಬೇಕಿತ್ತು, ನಿಲ್ಲಲಿಲ್ಲ. ಅಧಿಕಾರಿ ಕೇಳಿದ್ದು ಬೊಗಸೆ, ಇವರು ಕೊಡಲು ಹೊರಟದ್ದು ಚೀಲ. ಒಬ್ಬ, ಯೋಧರ ಊರು ಬೇಡ ಎಂದ. ಇನ್ನೊಬ್ಬ, ಹೆಸರೂ ಬೇಡ ಎಂದ. ಮತ್ತೊಬ್ಬ, ಫೋಟೋ ಯಾತಕ್ಕೆ, ಅದೂ ಬೇಡ ಎಂದ. ತನ್ನ ದೇಶಭಕ್ತಿ ಪಕ್ಕದವನದಕ್ಕಿಂತ ಗೇಣು ಉದ್ದವಿರಬೇಕೆಂಬ ಹುರುಪು ಎಲ್ಲರಿಗೂ. "ಅಣ್ಣಾರ, ನಿಮ್ಮ ಕನ್ನಡ ಛಂದ ಅದ, ನೀವಾ ಬರೀರಿ" ಎಂದು ಹಾಳೆಯನ್ನು ಮಹಾರುದ್ರಪ್ಪನವರ ಮುಂದಿಟ್ಟರು. ಅವರು ಬರೆದರು: ಯುದ್ಧ ಮುಗಿಯುವವರೆಗೆ ಯಾವ ಯೋಧನ ಹೆಸರನ್ನೂ, ಭಾವಚಿತ್ರವನ್ನೂ, ಬೀಳ್ಕೊಡುಗೆಯ ಸುದ್ದಿಯನ್ನೂ ಪ್ರಕಟಿಸುವುದಿಲ್ಲವೆಂದು ನಾವೆಲ್ಲ ಸ್ವಯಂಪ್ರೇರಣೆಯಿಂದ ನಿರ್ಧರಿಸಿದ್ದೇವೆ. ಕೆಳಗೆ ಮೊದಲ ಸಹಿಯೂ ಅವರದೇ. ಸ್ವಯಂಪ್ರೇರಣೆ ಎಂಬ ಶಬ್ದಕ್ಕೆ ಚಪ್ಪಾಳೆ ಬಿತ್ತು.

ಮನೆಗೆ ಬಂದು ಹೆಂಡತಿ ಮಾಣಿಕಮ್ಮನಿಗೆ ಹೇಳಿದಾಗ ಆಕೆ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. "ಯಾರೂ ಕಟ್ಟಾಕ ಬಂದಿಲ್ಲ, ನೀವಾ ಹಗ್ಗ ತಗೊಂಡು ಹೋಗಿ ಕೈ ಮುಂದ ಮಾಡೀರಿ. ಶಾಣ್ಯಾರು!" ಎಂದಳು. ಮಹಾರುದ್ರಪ್ಪ ಹಾಸಿಗೆ ಬಿಚ್ಚಿದರು. ಅವರಿಗೆ ನಿದ್ದೆ ಬೇಕಾಗಿತ್ತು.

ಮರುದಿನ ಮುಂಜಾನೆ ಅವರು ಖೋಲಿಯ ಬಾಗಿಲು ತೆಗೆಯುವುದಕ್ಕೂ ಹುಮನಾಬಾದಿನಿಂದ ಸಲಾವುದ್ದೀನ್ ಬಂದು ನಿಲ್ಲುವುದಕ್ಕೂ ಸರಿಹೋಯಿತು. ತುಳಜಾರಾಮನ ಪ್ರೆಸ್ಸಿಗೆ ಗೋಡೆ ಹಚ್ಚಿಕೊಂಡೇ ಸಲಾವುದ್ದೀನನ ತಗಡಿನ ಟ್ರಂಕಿನ ಅಂಗಡಿ, ಅಂಗಡಿಯ ಹಿಂದೆಯೇ ಮನೆ. ಪ್ರೆಸ್ಸಿಗೆ ಹೋದಾಗಲೆಲ್ಲ ಮಹಾರುದ್ರಪ್ಪ ಆ ಅಂಗಡಿಯ ತಗಡು ಬಡಿಯುವ ಸಪ್ಪಳದ ನಡುವೆ ಕೂತು ಚಹಾ ಕುಡಿದವರು. ಮಗ ನಸೀರ್ ಸೈನ್ಯ ಸೇರಿದಾಗ ಅವನ ಕರೀ ಟ್ರಂಕನ್ನು ಅಪ್ಪನೇ ಮಾಡಿ, ಮೇಲೆ ಬಿಳಿ ಬಣ್ಣದಲ್ಲಿ ಹೆಸರು ಬರೆದುಕೊಟ್ಟಿದ್ದ. ತಂಗಿ ಫರ್ಹೀನ್‌ಳ ನಿಶ್ಚಿತಾರ್ಥಕ್ಕೆಂದು ರಜೆಯ ಮೇಲೆ ಬಂದಿದ್ದ ನಸೀರನಿಗೆ ಅರ್ಧದಲ್ಲೇ ಕರೆ ಬಂದಿತ್ತು. ಹಿಂದಿನ ದಿನವಷ್ಟೇ ಹುಮನಾಬಾದಿನ ಸ್ಟೇಷನ್ನಿನಲ್ಲಿ ರೈಲು ಹತ್ತಿದ್ದ.

"ಅಣ್ಣಾರ, ಒಂದು ಫೋಟೋ ಹಾಕ್ರಿ" ಎಂದು ಸಲಾವುದ್ದೀನ್ ಮೊಬೈಲು ಮುಂದೆ ಹಿಡಿದ. ಸಮವಸ್ತ್ರದಲ್ಲಿ ನಸೀರ್ ಒಬ್ಬನೇ ನಿಂತಿದ್ದ. ಕೊರಳಲ್ಲಿ ಗದ್ದ ಮುಚ್ಚುವಷ್ಟು ಚೆಂಡುಹೂವಿನ ಹಾರ. ಫೋಟೋದಲ್ಲಿ ನಗಬಾರದೆಂದು ಯಾರು ಹೇಳಿದ್ದರೋ, ಹುಡುಗನ ಮುಖ ಬಿಗಿದುಕೊಂಡಿತ್ತು. "ಮುಡಬಿ ಊರಿನ ಸೈನಿಕ ಹುಡುಗ ಬಸವಕಿರಣಂದು ಮೊನ್ನಿ ಹಾಕಿದ್ರಲ್ಲ, ಹಾಂಗ. ದೊಡ್ಡದೇನ್ ಬ್ಯಾಡ್ರಿ."

"ಇಷ್ಟಕ್ಕ ನೀವಾ ಬರಬೇಕಾ ಭಾಯಿ? ಫೋನಿನ್ಯಾಗ ಕಳಿಸಿದ್ರ ಆಗ್ತಿತ್ತು."

ಸಲಾವುದ್ದೀನ್ ಖುರ್ಚಿಯ ತುದಿಯಲ್ಲಿ ಕೂತ. "ನಿಮ್ಮ ಮುಂದ ಏನ್ ಮುಚ್ಚಿಡ್ಲಿ ಅಣ್ಣಾರ. ಯುದ್ಧ ಶುರು ಆದಾಗಿಂದ ಮಂದಿ ನೋಡೋ ನೋಟಾನಾ ಬದಲಾಗ್ಯಾದ. ಮೊನ್ನಿ ಕೆಲವು ಪೋರಗೋಳು ಘೋಷಣೆ ಕೂಗ್ಕೋತ ಬಂದ್ರು. ಎಲ್ಲಾ ಅಂಗಡಿ ಮುಂದ ಹಾದು ಹೋದ್ರು, ನನ್ನ ಅಂಗಡಿ ಮುಂದ ಬಂದು ನಿಂತ್ರು. ನಾನೂ ಅವರ ಜೋಡಿ ಕೂಗಿದೆ. ಆದ್ರೂ ನಿಂತಾ ಇದ್ರು. ನನ್ನ ಮಗ ಎಲ್ಲಿ ಹೋಗ್ಯಾನ ಅಂತ ಒಬ್ಬೊಬ್ಬರ ಮುಂದ ಹೇಳ್ಕೋತ ತಿರುಗ್ಲೇನು? ಪೇಪರ್‌ದಾಗ ಬಂದ್ರ ಗಾಜಿನ ಕಟ್ಟು ಹಾಕ್ಸಿ ಅಂಗಡ್ಯಾಗ ತೂಗ ಹಾಕ್ತೀನಿ. ನೋಡೋರು ನೋಡ್ಲಿ."

ಹಿಂದಿನ ದಿನ ಮಾಡಿದ ಸಹಿ ಮಹಾರುದ್ರಪ್ಪನವರಿಗೆ ನೆನಪಾಗಲಿಲ್ಲವೇ? ಆಯಿತು. ಆದರೆ ಎದುರಿಗೆ ಇಂಥ ಮುಖ ಕೂತಿರುವಾಗ ನಿರ್ಣಯ ಗಿರ್ಣಯ ಎಲ್ಲ ಎಷ್ಟರವು! ಹೋಗುವ ಜಾಗ ಬರೆಯುವುದಿಲ್ಲ, ತುಕಡಿಯ ಹೆಸರು ಬರೆಯುವುದಿಲ್ಲ, ಮತ್ತೇನು ತೊಂದರೆ ಎಂದುಕೊಂಡರು. "ಹಾಕ್ತೀನಿ ಭಾಯಿ. ಸಂಜೀಕ ನೋಡ್ರಿ" ಎಂದರು. ಸಲಾವುದ್ದೀನ್ ಎರಡೂ ಕೈಯಿಂದ ಅವರ ಕೈ ಹಿಡಿದು, ಹುಮನಾಬಾದ್ ಬಸ್ಸಿಗೆ ಓಡಿದ. ವಿದ್ಯಾವತಿ ಮುಖಪುಟದ ಕೆಳಗೆ ಫೋಟೋ ಕೂಡಿಸಿ, ‘ಕರ್ತವ್ಯಕ್ಕೆ ಮರಳಿದ ನಸೀರ್’ ಎಂದು ತಲೆಬರಹ ಕೊಟ್ಟು ಪುಟವನ್ನು ಹುಮನಾಬಾದಿಗೆ ಕಳಿಸಿದಳು. ತುಳಜಾರಾಮನ ಕಡೆ ಅಚ್ಚಿನ ತಗಡು ಪ್ಲೇಟೂ ತಯಾರಾಯಿತು.

ಆಮೇಲೆ ಮಹಾರುದ್ರಪ್ಪ ಒಬ್ಬರೇ ಕೂತರು. ಒಬ್ಬರೇ ಕೂತದ್ದೇ ಕೆಟ್ಟಿತು. ಯಾರ ಫೋನೂ ಬರಲಿಲ್ಲ, ಯಾರೂ ಹೆದರಿಸಲಿಲ್ಲ, ಯಾರೂ ನೆನಪಿಸಲೂ ಇಲ್ಲ. ಅವರ ತಲೆಯೊಳಗೇ ಸಭೆ ಸೇರಿತು. ಮೊದಲು ಸಹಿ ಮಾಡಿದವನೇ ಮೊದಲು ಮುರಿದನಲ್ಲ ಎಂದು ಒಬ್ಬ ನಕ್ಕ ಹಾಗಾಯಿತು. ದೇಶ ಇಂಥ ಹೊತ್ತಿನಲ್ಲಿರುವಾಗ ನಿಮಗೆ ಪುಟ ತುಂಬುವ ಚಿಂತೆಯೇ ಎಂದು ಇನ್ನೊಬ್ಬ ಕೇಳಿದ ಹಾಗಾಯಿತು. ಬಸವಕಿರಣನ ಫೋಟೋ ಹಾಕಿದ್ದು ನಿರ್ಣಯದ ಮುಂಚೆ, ಇದು ನಿರ್ಣಯದ ಆಮೇಲೆ, ಎಂದು ಅವರೇ ಲೆಕ್ಕ ಹಾಕಿದರು. ಅವರೇ ಬರೆದ ವಾಕ್ಯ ಅವರ ಕುತ್ತಿಗೆಗೇ ಬಂದು ಕೂತಿತು. ಕಡೆಗೆ ತುಳಜಾರಾಮನಿಗೆ ಫೋನು ಹಚ್ಚಿ, "ಆ ಮುಖಪುಟದ ಪ್ಲೇಟ್ ಬ್ಯಾಡ, ಬ್ಯಾರೆ ಕಳಸ್ತೀನಿ" ಎಂದರು.

ವಿದ್ಯಾವತಿ ಪರದೆಯಿಂದ ಮುಖ ತಿರುಗಿಸಲಿಲ್ಲ. "ಯಾವ ಅಳತೀದು ಹಾಕ್ಲಿ ಸರ್?" ಎಂದಳು. ಫೋಟೋದ ಜಾಗಕ್ಕೆ ಸರಿಯಾದ ವಚನ ಹುಡುಕಿ ಕೂಡಿಸಿದಳು. "ಸಲಾವುದ್ದೀನ್ ಕಾಕಾಗ ಒಂದು ಫೋನ್ ಮಾಡಿ ಹೇಳ್ರಿ ಸರ್, ಪಾಪ ಕಾಯ್ತಿರ್ತಾರ."

"ಮಾಡ್ತೀನಿ" ಎಂದರು ಮಹಾರುದ್ರಪ್ಪ. ಮಾಡಲಿಲ್ಲ. ಏನೆಂದು ಮಾಡುವುದು? ಕೊಟ್ಟ ಮಾತು ಅರ್ಧ ದಿನವೂ ಬಾಳಲಿಲ್ಲ ಎಂದು ಫೋನಿನಲ್ಲಿ ಹೇಳಲು ನಾಚಿಕೆಯಾಯಿತು. ನಾಳೆ ಹುಮನಾಬಾದಿಗೆ ಹೋಗಿ ಎದುರಿಗೇ ಹೇಳಿದರಾಯಿತು ಎಂದುಕೊಂಡು ಮನೆಗೆ ಹೋದರು. ದಣಿದಾಗ ಎಲ್ಲ ಕೆಲಸವೂ ನಾಳೆಗೇ ಹೋಗುತ್ತದೆ.

ನಾಳೆ ಬೆಳಗಾಗುವುದರೊಳಗೆ ಹುಮನಾಬಾದಿನಲ್ಲಿ ಆಗಬಾರದ್ದು ಆಗಿತ್ತು. ಫೋನು ಮಾಡಿದವನು ತುಳಜಾರಾಮ. "ಕಾಕಾ, ನಸೀರಂದು ಖರೇನಾ?"

"ಏನ್ ಖರೇನಾ?"

"ಶಹೀದ್ ಆದ್ನಂತಲ್ರಿ. ನಿಮಗ ಮೊದ್ಲಾ ಗೊತ್ತಿತ್ತಂತ. ಸರ್ಕಾರದವ್ರು ಬ್ಯಾಡಂದಿದ್ದಕ್ಕ ಪೇಪರ್‌ದಿಂದ ಕಿತ್ತ್ರಂತ. ಇಲ್ಲಿ ಮಂದಿ ಮನಿ ಮುಂದ ನೆರದಾರ."

ತುಳಜಾರಾಮ ಗಾಬರಿಯಲ್ಲಿ ಹಿಂದು ಮುಂದಾಗಿ ಹೇಳಿದ್ದನ್ನು ಒಟ್ಟುಗೂಡಿಸಿದರೆ ಆದದ್ದು ಇಷ್ಟು. ಬೇಡವಾದ ಪ್ಲೇಟನ್ನು ಮಷೀನಿನ ಆಳುಗಳು ಮೂಲೆಗೆ ಒಗೆದಿದ್ದರು. ಅದರಲ್ಲಿ ಹಾರ ಹಾಕಿದ ನಸೀರನ ಫೋಟೋ ಅವರಿಗೆ ಕಂಡಿತ್ತು, ತಲೆಬರಹವನ್ನು ಯಾರೂ ಓದಿರಲಿಲ್ಲ. ಚಹಾಕ್ಕೆ ಹೋದಾಗ ಆ ಮಾತು ಬಂತು. ಪತ್ರಿಕೆಯಲ್ಲಿ ಹಾರ ಹಾಕಿದ ಫೋಟೋ ಯಾರದು ಬರುತ್ತದೆ? ಹುಟ್ಟುಹಬ್ಬದವರದು ಬರುತ್ತದೆ, ಪುಢಾರಿಗಳದು ಬರುತ್ತದೆ, ಸತ್ತವರದು ಬರುತ್ತದೆ. ಯುದ್ಧಕ್ಕೆ ಹೋದ ಹುಡುಗನದು ಅಂದಮೇಲೆ ಮಂದಿ ಮೂರನೆಯದನ್ನೇ ಹಿಡಿದರು. ಅಷ್ಟರಲ್ಲಿ ಸಂಜೆಯ ಪತ್ರಿಕೆ ಬಂತು. ಫೋಟೋ ಇಲ್ಲ. ಆ ಜಾಗದಲ್ಲಿ ಅಷ್ಟಗಲದ ವಚನ. ಅಲ್ಲಿಗೆ ಅನುಮಾನವೂ ಉಳಿಯಲಿಲ್ಲ. ನಸೀರನ ಫೋನು ಹಚ್ಚಿದರೆ ಬಂದ್. ಯಾವುದೋ ಕಚೇರಿಗೆ ಕೇಳಿದರೆ, ನಮ್ಮ ಹತ್ತಿರ ಮಾಹಿತಿ ಇಲ್ಲ ಎಂಬ ಜವಾಬು.

"ನೀ ಹೇಳಬಾರದಿತ್ತೇನೋ ತುಳಜಾರಾಮ, ಅದು ಬೀಳ್ಕೊಡೋ ಫೋಟೋ ಅಂತ?"

"ಹೇಳ್ದೆ ಕಾಕಾ. ಹಾಂಗಿದ್ರ ಯಾಕ ಕಿತ್ತ್ರು ಅಂತ ಕೇಳ್ತಾರ."

ಬಸ್ಸಿನಲ್ಲಿ ಕಿಟಕಿಯಿಂದ ಬೆಂಕಿಯಂಥ ಗಾಳಿ ಹೊಡೆಯುತ್ತಿತ್ತು. ಮುಂದಿನ ಸೀಟಿನವನ ಮೊಬೈಲಿನಲ್ಲಿ ನಸೀರನ ಮುಖ, ಅದರ ಅಕ್ಕಪಕ್ಕ ಉರಿಯುವ ಮೇಣದಬತ್ತಿ. ಮಹಾರುದ್ರಪ್ಪ ಕಣ್ಣು ಮುಚ್ಚಿದರು. ಹುಮನಾಬಾದಿನಲ್ಲಿ ಇಳಿದರೆ ವೃತ್ತದಲ್ಲಿ ಏಣಿ ಹಚ್ಚಿ ಫ್ಲೆಕ್ಸ್ ಕಟ್ಟುತ್ತಿದ್ದರು. ‘ವೀರಪುತ್ರನಿಗೆ ನಮನ’. ನಸೀರನ ಫೋಟೋ ಅಂಗೈ ಅಗಲ, ಅದರ ಕೆಳಗೆ ನಮನ ಸಲ್ಲಿಸುವ ಮುಖಂಡರ ಫೋಟೋಗಳು ಸಾಲು ಸಾಲಾಗಿ ಅದಕ್ಕಿಂತ ದೊಡ್ಡವು. ಸಲಾವುದ್ದೀನನ ಓಣಿಯಲ್ಲಿ ಅಂಗಡಿಗಳ ಶಟರು ಇಳಿದಿದ್ದವು. ಮನೆಯ ಮುಂದೆ ಪ್ಲಾಸ್ಟಿಕ್ ಖುರ್ಚಿಗಳನ್ನು ಹಾಕುತ್ತಿದ್ದ, ಬಂದವರಿಗೆ ನೀರು ಕೊಡುತ್ತಿದ್ದ ಪೋರರು ಯಾರು? ಮೊನ್ನೆ ಘೋಷಣೆ ಕೂಗಿ ಅಂಗಡಿ ಮುಂದೆ ನಿಂತವರೇ. ಅವರ ಕಣ್ಣೂ ಕೆಂಪಾಗಿದ್ದವು. ಅವರ ದುಃಖ ಸುಳ್ಳಾಗಿರಲಿಲ್ಲ.

ಸಲಾವುದ್ದೀನ್ ಹೊಸ್ತಿಲಲ್ಲಿ ಕೂತಿದ್ದ. ಮಹಾರುದ್ರಪ್ಪ ಅವನ ಮುಂದೆ ನೆಲದ ಮೇಲೇ ಕೂತರು. "ಭಾಯಿ, ಏನೂ ಆಗಿಲ್ಲ. ಅದು ನೀವಾ ಕೊಟ್ಟ ಫೋಟೋ. ನೀವಾ ಹೇಳಿದ ಸುದ್ದಿ."

"ಅಷ್ಟು ನನಗ ಗೊತ್ತದ ಅಣ್ಣಾರ" ಎಂದ ಸಲಾವುದ್ದೀನ್. ಅವನ ದನಿ ಸೋತುಹೋಗಿತ್ತು. "ಮುಂಜಾನೆ ಹಾಕ್ತೀನಿ ಅಂದ್ರಿ. ಮಧ್ಯಾಹ್ನಕ್ಕ ಕಿತ್ತಿರಿ. ಮುಂಜಾನಿಗೂ ಮಧ್ಯಾಹ್ನಕ್ಕೂ ನಡುವ ನಿಮಗ ಏನ್ ತಿಳೀತು, ಅದನ್ನ ಹೇಳ್ರಿ."

"ಏನೂ ತಿಳೀಲಿಲ್ಲ."

"ಯಾರ್ ಹೇಳಿದ್ರು ಕೀಳು ಅಂತ?"

"ಯಾರೂ ಹೇಳಿಲ್ಲ ಭಾಯಿ. ನಾವು ಪೇಪರಿನವ್ರೆಲ್ಲ ಕೂತು, ಸೈನಿಕರ ಫೋಟೋ ಹಾಕಬಾರ್ದು ಅಂತ ನಾವಾ ಬರಕೊಂಡಿದ್ವಿ. ಆಮ್ಯಾಲ ನನಗ ಅದು ನೆನಪಾಗಿ..."

ಸುತ್ತ ನಿಂತವರಲ್ಲಿ ಯಾರೋ ನಂಬದೆ ಮೂಗು ಮುರಿದರು. ಸಲಾವುದ್ದೀನ್ ತಲೆಯಾಡಿಸಿದ. "ಯಾರೂ ಹೇಳಲಾರದ, ಯಾರೂ ಬಡೀಲಾರದ, ಯಾರಾದ್ರೂ ತಮ್ಮ ಬಾಯಿ ತಾವಾ ಹೊಲ್ಕೋತಾರೇನ್ರಿ? ನಾ ತಗಡ ಬಡಿಯೋ ಮನುಷ್ಯ. ಆದ್ರ ಇಷ್ಟು ತಿಳೀತದ ನನಗ."

ಖರೆ ಸಂಗತಿ ಎಷ್ಟು ಸಣ್ಣದಿತ್ತೆಂದರೆ, ಅಷ್ಟು ಸಣ್ಣ ಕಾರಣಕ್ಕೆ ಯಾರೂ ಒಂದು ಫೋಟೋ ಕೀಳುತ್ತಾರೆಂದು ನಂಬುವ ಹಾಗೇ ಇರಲಿಲ್ಲ. ಇಷ್ಟು ದಿನ ವಚನದ ಕೆಳಗೆ ಏನೋ ಇರುತ್ತದೆಂದು ಊರಿಗೆ ಕಲಿಸಿದವರು ಯಾರು? ಇವತ್ತು ಏನೂ ಇಲ್ಲವೆಂದರೆ ಕೇಳುವವರು ಯಾರು? ತುಳಜಾರಾಮ ಒಗೆದ ಪ್ಲೇಟನ್ನೇ ತಂದು ತೋರಿಸಿದ. ಫರ್ಹೀನ್ ಅದನ್ನು ಹಿಡಿದು ಗಟ್ಟಿಯಾಗಿ ಓದಿದಳು: "ಕರ್ತವ್ಯಕ್ಕೆ ಮರಳಿದ ನಸೀರ್." ಒಳಗಿನ ಹೆಂಗಸರು ಓದು ಬಾರದವರು. ಅವರಿಗೆ ಕಂಡದ್ದು ತಗಡಿನ ಮೇಲೆ ಹಾರ ಹಾಕಿಕೊಂಡ ಹುಡುಗ. ತಾಯಿ ವಜೀರಬಿ ಗೋಡೆಗೆ ಒರಗಿ ಕೂತಿದ್ದವಳು ಎದ್ದು ಬಂದಳು. ಪ್ಲೇಟನ್ನು ಮಗಳ ಕೈಯಿಂದ ತೆಗೆದುಕೊಂಡು ಸೆರಗಿನಿಂದ ಮುಚ್ಚಿದಳು.

"ಬರದದ್ದು ಬ್ಯಾಡ ನನಗ" ಎಂದಳು ಮಹಾರುದ್ರಪ್ಪನವರಿಗೆ. "ನೀವು ನಮ್ಮ ಮನ್ಯಾಗ ಉಂಡವ್ರು ಅಣ್ಣಾ. ನನ್ನ ನಸೀರ್ ಜಿಂದಾ ಅದಾನ ಅಂತ ನಿಮ್ಮ ಬಾಯಿಲೆ ಒಂದ್ಸಲ ಅನ್ರಿ. ನಿಮ್ಮ ದೇವರ ಮ್ಯಾಲ ಆಣಿ ಮಾಡಿ ಅನ್ರಿ. ನಾ ನಂಬ್ತೀನಿ."

ಒಂದು ಮಾತು. ಅಂದುಬಿಟ್ಟಿದ್ದರೆ ಮುಗಿಯುತ್ತಿತ್ತು. ಮಹಾರುದ್ರಪ್ಪನವರ ನಾಲಗೆಯ ತುದಿಗೆ ಬಂದಿತ್ತು ಕೂಡ. ಆದರೆ ಅವರಿಗೆ ಗೊತ್ತಿತ್ತೇನು? ಹುಡುಗ ರೈಲು ಹತ್ತಿದ್ದು ಗೊತ್ತು, ಅದರ ಮುಂದಿನದು ಈ ಮನೆಯವರಿಗೆ ಎಷ್ಟು ಗೊತ್ತೋ ಅವರಿಗೂ ಅಷ್ಟೇ. ಅಲ್ಲಿ ಗುಂಡು ಹಾರುತ್ತಲೇ ಇದ್ದವು. ನಾಳೆ ಬೇರೆಯೇ ಖಬರು ಬಂದರೆ ಈ ತಾಯಿ ಎರಡು ಸಲ ಸಾಯಬೇಕಲ್ಲ.

"ನನಗ ಗೊತ್ತಿಲ್ಲ ಅಕ್ಕಾ" ಎಂದರು.

ವಜೀರಬಿ ಅವರ ಮುಖವನ್ನೇ ನೋಡಿದಳು. ಆಮೇಲೆ ತಿರುಗಿ ಹೋಗಿ ಗೋಡೆಗೆ ಒರಗಿ ಕೂತಳು. ಒಳಗೆ ಹೆಂಗಸರ ಅಳು ಒಮ್ಮೆಲೇ ಎದ್ದಿತು. ಗೊತ್ತಿಲ್ಲ ಎಂಬ ಆ ಮಾತನ್ನು ಮನೆ ಪೂರ್ತಿ ಬೇರೆಯೇ ತಿಳಿದುಕೊಂಡಿತ್ತು. ಮಹಾರುದ್ರಪ್ಪನವರೂ ಅತ್ತರು. ಪೇಪರಿನವರೇ ಅಳುತ್ತಿದ್ದಾರೆ ಅಂದಮೇಲೆ ಇನ್ನೇನು ಉಳಿಯಿತು ಎಂದು ಹಿಂದೆ ಯಾರೋ ಅಂದರು.

ಬಸವಕಲ್ಯಾಣಕ್ಕೆ ತಿರುಗಿ ಬಂದವರು ಸೀದಾ ಖೋಲಿಗೆ ಹೋದರು. ಆ ದಿನದ ಮುಖಪುಟ ಇನ್ನೂ ಕಟ್ಟಿರಲಿಲ್ಲ. ವಿದ್ಯಾವತಿಯನ್ನು ಕೂಡಿಸಿ ಹೇಳಿ ಬರೆಯಿಸಿದರು. ನಸೀರನ ಅದೇ ಫೋಟೋ, ಮೊದಲಿನದಕ್ಕಿಂತ ದೊಡ್ಡದು. ಕೆಳಗೆ: ಇದು ಬೀಳ್ಕೊಡುಗೆಯ ಫೋಟೋ. ಇದನ್ನು ನಿನ್ನೆ ಪುಟದಿಂದ ಕಿತ್ತವರು ನಾವು. ಕೀಳಲು ನಮಗೆ ಯಾರೂ ಹೇಳಿರಲಿಲ್ಲ. ನಸೀರ್ ಬಗ್ಗೆ ನಮ್ಮಲ್ಲಿ ಬೇರೆ ಯಾವ ಸುದ್ದಿಯೂ ಇರಲಿಲ್ಲ, ಈಗಲೂ ಇಲ್ಲ. ಅವರ ತಂದೆಗೆ ಕೊಟ್ಟ ಮಾತು ತಪ್ಪಿದ್ದಕ್ಕೆ ಕ್ಷಮೆ ಕೇಳುತ್ತೇವೆ.

"ಪತ್ರಕರ್ತರ ಸಂಘದವ್ರು ಸುಮ್ನ ಬಿಡ್ತಾರೇನ್ರಿ ಸರ್?" ಎಂದಳು ವಿದ್ಯಾವತಿ.

"ಬಿಡದಿದ್ರ ಬಿಡ್ಲಿ. ಕಳಸವ್ವಾ ನೀ."

ಪತ್ರಿಕೆ ಬಂದ ಗಳಿಗೆಗೇ ಪತ್ರಕರ್ತರ ವಾಟ್ಸಪ್ ಗುಂಪಿನಿಂದ ಮಹಾರುದ್ರಪ್ಪನವರನ್ನು ಹೊರಗೆ ಹಾಕಿದರು. ಒಬ್ಬ ಫೋನು ಮಾಡಿ, "ಸ್ವಂತ ಕೈಲೆ ಬರದು ಸ್ವಂತ ಕೈಲೆ ಹರದ್ರಿ, ನಾಚ್ಕಿ ಆಗಂಗಿಲ್ಲೇನ್ರಿ" ಎಂದ. ಆಗ್ತದಪ್ಪ ಎಂದು ಇವರು ಫೋನು ಇಟ್ಟರು. ಇದೆಲ್ಲ ಅವರು ಎಣಿಸಿದ್ದೇ. ಎಣಿಸದೆ ಇದ್ದದ್ದು ಬೇರೆ. ಹುಮನಾಬಾದಿನ ಚಹಾದಂಗಡಿಯಲ್ಲಿ ಪತ್ರಿಕೆಯನ್ನು ಗಟ್ಟಿಯಾಗಿ ಓದಿದರಂತೆ. ಓದಿದವನು ಮಡಚಿಟ್ಟು, "ಎಷ್ಟು ಛಂದ ಬರಸ್ಯಾರ ನೋಡ್ರಿ" ಎಂದನಂತೆ. ಯಾರು ಬರೆಸಿದ್ದು ಎಂದು ಯಾರೂ ಕೇಳಲಿಲ್ಲವಂತೆ, ಸರ್ಕಾರದವರೇ ಎಂದು ಎಲ್ಲರೂ ಹಿಡಿದಿದ್ದರು. ಫ್ಲೆಕ್ಸ್ ಹಾಗೇ ಇತ್ತು, ಖುರ್ಚಿಗಳೂ ಇದ್ದವು. ವಜೀರಬಿ ಎರಡು ತುತ್ತನ್ನೂ ಬಾಯಿಗೆ ಇಟ್ಟಿರಲಿಲ್ಲ. ತುಳಜಾರಾಮ ಇಷ್ಟನ್ನೂ ಹೇಳಿ, "ಈಗ ನೀವು ಹಾಕಿದ್ರೂ ನಂಬಂಗಿಲ್ಲ, ಹಾಕದಿದ್ರೂ ನಂಬಂಗಿಲ್ಲ ಕಾಕಾ" ಎಂದು ನಿಟ್ಟುಸಿರು ಬಿಟ್ಟ.

ಅದರ ಮರುದಿನ ಸಂಜೆ ಕದನವಿರಾಮ ಎಂದು ಟೀವಿಯಲ್ಲಿ ಬಂತು. ಬೆಳಗಾದ ಮೇಲೆ ಫರ್ಹೀನ್‌ಳ ಮೊಬೈಲಿಗೆ ನಸೀರನ ಫೋನು ಬಂತು. ಹುಡುಗನಿಗೆ ತರಚಿದ ಗಾಯವೂ ಇರಲಿಲ್ಲ. ಫೋನುಗಳನ್ನೆಲ್ಲ ಬಂದ್ ಇಡಲು ಹೇಳಿದ್ದರಂತೆ, ಅಷ್ಟೇ. ತಾನು ಶಹೀದನಾದ ಸುದ್ದಿ ಕೇಳಿ ಅವನು ನಕ್ಕನಂತೆ, ಆಮೇಲೆ ತಾಯಿಗೆ ಫೋನು ಕೊಡು ಎಂದನಂತೆ.

ಓಣಿಯಲ್ಲಿ ಪಟಾಕಿ ಹಾರಿದವು. ಪೋರರು ಖುರ್ಚಿಗಳನ್ನು ಟಂಟಂ ಆಟೋಗೆ ಏರಿಸಿ ತಿರುಗಿ ಒಯ್ದರು. ಫ್ಲೆಕ್ಸನ್ನು ಇಳಿಸಿದರು. ಬೇರೆ ಫ್ಲೆಕ್ಸ್ ಏರಲಿಲ್ಲ. ಜೀವಂತ ಇರುವ ಹುಡುಗನಿಗೆ ಯಾರು ಖರ್ಚು ಮಾಡುತ್ತಾರೆ? ಮರುದಿನ ಆ ಅಧಿಕಾರಿ ಪತ್ರಕರ್ತರ ಸಂಯಮವನ್ನು ಹೊಗಳಿ ಹೇಳಿಕೆ ಕೊಟ್ಟರು. ವಿದ್ಯಾವತಿ ಅದನ್ನು ಎಲ್ಲಿ ಹಾಕಲಿ ಎಂದಳು. ಎಲ್ಲಾದರೂ ಹಾಕು ಎಂದು ಮಹಾರುದ್ರಪ್ಪ ಹುಮನಾಬಾದ್ ಬಸ್ಸು ಹಿಡಿದರು. ಖುಷಿಯಾಗಬೇಕಿತ್ತು, ಆಗಿತ್ತು ಕೂಡ, ಆದರೆ ಆ ಖುಷಿಗೆ ಎದ್ದು ನಿಲ್ಲುವ ತ್ರಾಣ ಇರಲಿಲ್ಲ.

ಸಲಾವುದ್ದೀನ್ ಅಂಗಡಿ ತೆರೆದು ತಗಡು ಕತ್ತರಿಸುತ್ತಿದ್ದ. ಅವರನ್ನು ಕಂಡು ಕತ್ತರಿ ಕೆಳಗಿಟ್ಟು ಎದ್ದು ಬಂದು ಅಪ್ಪಿಕೊಂಡ. "ಮಾಫ್ ಮಾಡ್ರಿ ಅಣ್ಣಾರ, ನಿಮ್ಮ ಮಾತು ನಂಬಲಿಲ್ಲ ನಾ."

"ನೀವ್ಯಾಕ ಮಾಫಿ ಕೇಳ್ತೀರಿ ಭಾಯಿ? ಕೇಳಬೇಕಾದಾಂವ ನಾನು."

ಸಲಾವುದ್ದೀನ್ ಬೀದಿಯ ಕಡೆ ನೋಡಿದ. "ಒಂದ ಮಾತು ಹೇಳ್ತೀನಿ, ಮನಸಿಗೆ ಹಚ್ಕೋಬ್ಯಾಡ್ರಿ. ಜೀವಂತ ಮಗನ ಫೋಟೋ ಒಂದು ಬೇಡಿದ್ದೆ ನಾ. ಗೇಣು ಜಾಗ ಸಿಗಲಿಲ್ಲ. ಸತ್ತ ಮಗಂದು ಊರ ತುಂಬ ಹಚ್ಚಿದ್ರು." ಮನೆಯೊಳಗೆ ಕರೆದುಕೊಂಡು ಹೋಗುತ್ತ, "ಈಗ ಪೇಪರ್‌ದಾಗ ಹಾಕೀರಲ್ಲ, ಅದನ್ನ ಕಟ್ಟು ಹಾಕ್ಸಬೇಕಂದೆ. ಆಕಿ ಬ್ಯಾಡಂದ್ಲು" ಎಂದ.

ವಜೀರಬಿ ಚಹಾ ತಂದಿಟ್ಟಳು. ಕೆಲವೇ ದಿನಗಳಲ್ಲಿ ಆಕೆಯ ಗಲ್ಲ ಒಳಗೆ ಹೋಗಿದ್ದವು. ಎದುರಿಗೆ ಕೂತು, ಅವರು ಒಂದು ಗುಟುಕು ಕುಡಿದ ಮೇಲೆ ಮಾತಿಗೆ ತೊಡಗಿದಳು.

"ನಿಮ್ಮ ಮ್ಯಾಲ ನನಗ ಸಿಟ್ಟಿಲ್ಲ ಅಣ್ಣಾ. ನೀವು ಸುಳ್ಳ ಹೇಳಿಲ್ಲ, ಈಗ ಗೊತ್ತಾತು. ಆದ್ರ ನನ್ನ ಮಗ ಜಿಂದಾ ಇದ್ದಾಗನಾ ಅವನ ಹೆಸರಲೆ ನಾ ಅತ್ತು ಮುಗಿಸಿಬಿಟ್ಟೀನಿ. ಫೋನಿನ್ಯಾಗ ಅವ ಅಮ್ಮೀ ಅಂದ. ನನಗ ಖುಷಿ ಆಗ್ಲಿಲ್ರಿ ಮೊದ್ಲ. ಹೆದರ್ಕಿ ಆತು. ಸತ್ತಾಂವ ಮಾತಾಡಾಕತ್ತಾನ ಅಂತ ಫೋನ್ ಒಗದೆ."

ಮಹಾರುದ್ರಪ್ಪ ಚಹಾದ ಬಶಿಯನ್ನು ಕೆಳಗಿಟ್ಟರು.

"ಇನ್ನೊಂದು ಮಾತು" ಎಂದಳು ವಜೀರಬಿ. "ಮೊದ್ಲ ಪೇಪರ್ ಬಂತಂದ್ರ, ಏನ್ ಬರದಾರ ಓದವ್ವಾ ಅಂತಿದ್ದೆ ಫರ್ಹೀನ್‌ಗ. ನಿನ್ನೆ ಪೇಪರ್ ಬಂತು, ಏನ್ ಬರೀಲಾರದ ಬಿಟ್ಟಾರ ನೋಡು ಅಂತ ಕೇಳೀನಿ. ಮಗನ ಫೋನ್ ಬಂದ ಮ್ಯಾಲೂ ಕೇಳೀನಿ. ಹಿಂಗಾದ್ರ ನನಗ ಹುಚ್ಚ ಹಿಡೀತದ. ನಾಳಿಂದ ನಮ್ಮನಿಗೆ ಪೇಪರ್ ಬ್ಯಾಡ್ರಿ ಅಣ್ಣಾ."

"ಆಗ್ಲಿ ಅಕ್ಕಾ" ಎಂದರು ಅವರು.

ಹೊರಗೆ ಬಂದು ಪಕ್ಕದ ಪ್ರೆಸ್ಸಿನ ಬಾಗಿಲಲ್ಲಿ ನಿಂತರು. ಒಳಗೆ ಅವತ್ತಿನ ಪತ್ರಿಕೆ ಅಚ್ಚಾಗುತ್ತಿತ್ತು. ಮಷೀನಿನ ಸಪ್ಪಳದಲ್ಲಿ ದನಿ ಏರಿಸಿ, ನಾಳೆಯಿಂದ ಸಲಾವುದ್ದೀನನ ಮನೆಯ ಪ್ರತಿ ನಿಲ್ಲಿಸು ಎಂದು ತುಳಜಾರಾಮನಿಗೆ ಹೇಳಿದರು.

"ಅದೇನ್ರಿ ಕಾಕಾ, ಅವರಿಗಿ ಪುಕ್ಕಟೆ ಹಾಕೋದಲ್ಲ? ಬರ್ತಿರ್ಲಿ ಬಿಡ್ರಿ."

"ಆಕಿ ಬ್ಯಾಡಂದಾಳ. ನಿಲ್ಲಸಪ್ಪಾ" ಎಂದು ಹೇಳಿ ಅವರು ಬಸವಕಲ್ಯಾಣದ ಬಸ್ಸಿಗೆ ಹೊರಟರು.